ಒಂದೇ ನೆಟ್, ಎರಡು ಕಂಪ್ಯೂಟರ್, ನಡುವೆ ದಪ್ಪ ಗೋಡೆ

ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಬರವಿಲ್ಲ. ಪ್ರೆಸ್ಸಿನವರಿಗೆ ಡಿಟಿಪಿ ಮಾಡಿಕೊಡುವ ಮನೆಗಳೂ ಬೇಕಾದಷ್ಟಿವೆ. ನಮ್ಮದು ಅಂಥದ್ದೊಂದು ಮನೆ. ನನ್ನ ಯಜಮಾನರು ಪಡಸಾಲೆಯಲ್ಲಿ ಕೂತು ಲಗ್ನಪತ್ರಿಕೆ, ಬಿಲ್ ಬುಕ್, ಶಾಲೆಗಳ ಪ್ರಶ್ನೆಪತ್ರಿಕೆ ಹೊಂದಿಸುತ್ತಾರೆ. ನಾನು ಒಳಕೋಣೆಯಲ್ಲಿ ಕೂತು ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇನೆ. ತಿಂಗಳು ತಿಂಗಳು ರಿಟರ್ನ್ ತುಂಬುವವರದು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಆಗಬೇಕು, 20ರೊಳಗೆ 3ಬಿ (ತೆರಿಗೆಯ ಒಟ್ಟು ಲೆಕ್ಕ) ಆಗಬೇಕು. ಇಬ್ಬರಿಗೂ ನೆಟ್ ಬೇಕೇ ಬೇಕು. ಆದರೆ ಮನೆಗೆ ಬಂದ ಫೈಬರ್ ಸಂಪರ್ಕ ಅವರ ಕಂಪ್ಯೂಟರಿಗೆ ಮಾತ್ರ ಸೇರಿತ್ತು.

ನಾನು ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ಕೆಲಸ ಸಾಗಿಸುತ್ತಿದ್ದೆ. ನಮ್ಮದು ಹಳೇ ಮಾಳಿಗೆ ಮನೆ. ಕಲ್ಲು, ಮಣ್ಣಿನ ಗೋಡೆಗಳು ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ಒಳಗೆ ಭಾಳ ತಂಪು, ಆದರೆ ಫೋನಿಗೆ ಸಿಗ್ನಲ್ ಸಿಗುವುದೇ ಕಷ್ಟ. ಫೋನನ್ನು ಕಿಟಕಿಯಲ್ಲಿಟ್ಟು ಲ್ಯಾಪ್‌ಟಾಪನ್ನು ಇಲ್ಲಿಟ್ಟುಕೊಂಡರೆ, ಓಟಿಪಿ ಬಂದಾಗೆಲ್ಲ ಎದ್ದು ಹೋಗಬೇಕು. ತಾರೀಖು ಹತ್ತಿರ ಬಂದಾಗ ದಿನದ ಡೇಟಾ ಮಧ್ಯಾಹ್ನವೇ ಮುಗಿಯುತ್ತಿತ್ತು. ಪಕ್ಕದ ಪಡಸಾಲೆಯಲ್ಲೇ 40 ಎಂಬಿಪಿಎಸ್ ಸಂಪರ್ಕ ಸುಮ್ನೆ ಕೂತಿರುವಾಗ ಇದೆಂಥ ಪಾಡು ಅಲ್ವಾ?

ಸಂಪರ್ಕ ಹಾಕಲು ಬಂದ ಹುಡುಗನನ್ನು ಕೇಳಿದೆ. "ಒಂದ ಲೈನಿಗೆ ಒಂದ ಕಂಪ್ಯೂಟರ್ ರೀ ಅಕ್ಕಾರ. ಎರಡನೇದಕ್ಕ ಬ್ಯಾರೆ ಕನೆಕ್ಷನ್ ತಗೋಬೇಕ್ರಿ" ಅಂದ. ನನಗೆ ಅದು ಸರಿ ಕಾಣಲಿಲ್ಲ. 40 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 40 ಮೆಗಾಬಿಟ್, 8 ಬಿಟ್ಟಿಗೆ ಒಂದು ಬೈಟಿನಂತೆ ಸುಮಾರು 5 ಎಂಬಿ. ಪಿಡಿಎಫ್ ಕಳಿಸುವವರಿಗೂ ರಿಟರ್ನ್ ತುಂಬುವವರಿಗೂ ಕೂಡಿಯೇ ಅದು ಧಾರಾಳವಾಯಿತು. ಒಂದು ಮನೆಗೆ ಎರಡು ಬಿಲ್ ಯಾಕೆ? ಆಗಲೇ ಒಂದು ನಿರ್ಧಾರ ಮಾಡಿಕೊಂಡೆ. ಇರುವ ಸಂಪರ್ಕವನ್ನೇ ಹಂಚಿಕೊಳ್ಳಬೇಕು. ಹಂಚಿಕೊಂಡ ಮೇಲೆ ನೆಟ್ ಬೇಕಾದಾಗ ನಾನು ಅವರನ್ನಾಗಲಿ, ಅವರು ನನ್ನನ್ನಾಗಲಿ ಕೇಳುವಂತಿರಬಾರದು. ಎರಡನೆಯದೇ ಜಾಸ್ತಿ ಕಷ್ಟದ್ದು ಅಂತ ಆಮೇಲೆ ತಿಳಿಯಿತು.

ಮೊದಲು ನಮ್ಮ ಮನೆಗೆ ನೆಟ್ ಹೇಗೆ ಬರುತ್ತಿದೆ ಅಂತ ನೋಡಿದೆ. ಕಂಬದಿಂದ ತೆಳ್ಳನೆಯ ಕಪ್ಪು ಎಳೆ ಬಂದು ಒಂದು ಬಿಳಿ ಡಬ್ಬಿಗೆ ಸೇರುತ್ತದೆ. ಎಳೆಯೊಳಗೆ ಗಾಜಿನ ನೂಲು, ಅದರಲ್ಲಿ ಬೆಳಕು. ಡಬ್ಬಿ ಆ ಬೆಳಕನ್ನು ವಿದ್ಯುತ್ ಸಂಕೇತ ಮಾಡಿ ಲ್ಯಾನ್ ಕೇಬಲಿಗೆ ಕೊಡುತ್ತದೆ. ನಮ್ಮ ಡಬ್ಬಿಗೆ ಇದ್ದದ್ದು ಒಂದೇ ಪೋರ್ಟ್, ವೈಫೈ ಇಲ್ಲ. ಕೇಬಲ್ ಕಂಪ್ಯೂಟರಿಗೆ ಹೋಗುತ್ತದೆ. ಯಜಮಾನರು ದಿನಾ ಬೆಳಿಗ್ಗೆ ಒಂದು ಐಕಾನ್ ಒತ್ತಿ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡಿದ ಮೇಲೇ ನೆಟ್ ಚಾಲೂ. ಇದಕ್ಕೆ ಪಿಪಿಪಿಒಇ ಅನ್ನುತ್ತಾರೆ. ಡಯಲ್ ಆದಾಗ ಕಂಪನಿಯ ಕಡೆಯಿಂದ ಒಂದು ಐಪಿ ವಿಳಾಸ, ಅಂದರೆ ನೆಟ್ಟಿನಲ್ಲಿ ನಮ್ಮನ್ನು ಗುರುತಿಸುವ ಸಂಖ್ಯೆ, ಸಿಗುತ್ತದೆ. ಒಂದೇ ಒಂದು. ಎಲ್ಲ ತೊಡಕೂ ಇಲ್ಲೇ ಇರುವುದು.

ಈಗಲೂ ಬಹಳ ಕಡೆ ಬಳಕೆಯಲ್ಲಿರುವ ಐಪಿವಿ4 (ಐಪಿಯ ನಾಲ್ಕನೇ ಆವೃತ್ತಿ) ವಿಳಾಸ 32 ಬಿಟ್ಟಿನದು. ಎಷ್ಟು ಲೆಕ್ಕ ಹಾಕಿದರೂ ಜಗತ್ತಿಗೆಲ್ಲ ಸೇರಿ 430 ಕೋಟಿಯಷ್ಟೇ ಆಗುತ್ತವೆ. ಫೋನು, ಟಿವಿ, ಕ್ಯಾಮೆರಾ ಎಲ್ಲಕ್ಕೂ ಒಂದೊಂದು ಕೊಡಲು ಸಾಲುವುದಿಲ್ಲ. ಅದಕ್ಕೇ 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು ಇವನ್ನೆಲ್ಲ ಮನೆ, ಆಫೀಸುಗಳ ಒಳಬಳಕೆಗೆ ಅಂತ ಬಿಟ್ಟಿದ್ದಾರೆ. ಈಗ ನಡೆಯುತ್ತಿರುವ ನಿಯಮ 1996ರದು. ಒಳಗೆ ಎಷ್ಟು ಕಂಪ್ಯೂಟರಾದರೂ ಇರಲಿ, ಹೊರಗೆ ಕಾಣುವುದು ಒಂದೇ ವಿಳಾಸ.

ನಮ್ಮ ಕಡೆಯ ವಾಡೆಗಳನ್ನು ನೆನಪಿಸಿಕೊಳ್ಳಿ. ಒಳಗೆ ಐದಾರು ಸಂಸಾರ, ಆದರೆ ಅಂಚೆಯವನಿಗೆ ಗೊತ್ತಿರುವುದು ಅಗಸಿ ಬಾಗಿಲು ಒಂದೇ. ಬಾಗಿಲಲ್ಲಿ ಕೂತ ಹಿರಿಯರು ಯಾರು ಯಾರಿಗೆ ಪತ್ರ ಬರೆದಿದ್ದರು ಅಂತ ನೆನಪಿಟ್ಟುಕೊಂಡು, ಉತ್ತರ ಬಂದಾಗ ಅವರವರಿಗೆ ಮುಟ್ಟಿಸುತ್ತಾರೆ. ನ್ಯಾಟ್ ಅನ್ನುವುದು ಮಾಡುವ ಕೆಲಸ ಅದೇ. ಒಳಗಿನ ಯಾವ ಕಂಪ್ಯೂಟರ್ ಯಾವ ಪೋರ್ಟ್ ಸಂಖ್ಯೆಯಿಂದ (ಇದು ಕೇಬಲ್ ಚುಚ್ಚುವ ಪೋರ್ಟ್ ಅಲ್ಲ, ಕೇಳಿಕೆಗೆ ಹಚ್ಚುವ ಗುರುತಿನ ಅಂಕಿ) ಎಲ್ಲಿಗೆ ಕೇಳಿತು ಅಂತ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ಉತ್ತರವನ್ನು ಅದಕ್ಕೇ ತಿರುಗಿಸುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸವನ್ನು ಯಾರಿಗೆ ವಹಿಸಬೇಕು ಅನ್ನುವುದಷ್ಟೇ ಉಳಿದ ಪ್ರಶ್ನೆ.

ಖರ್ಚು ಕಡಿಮೆ ಅಂತ ಮೊದಲು ಯಜಮಾನರ ಕಂಪ್ಯೂಟರಿಗೇ ವಹಿಸಿದೆವು. ವಿಂಡೋಸಿನಲ್ಲಿ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಅನ್ನುವ ಸೌಲಭ್ಯ 1999ರ ವಿಂಡೋಸ್ 98 ಎರಡನೇ ಆವೃತ್ತಿಯಿಂದಲೂ ಇದೆ. ಅವರದು ವಿಂಡೋಸ್ 7. ಹಳೇ ಫಾಂಟು, ಪುಟ ಹೊಂದಿಸುವ ಹಳೇ ಪೇಜ್‌ಮೇಕರ್ ಅದರಲ್ಲೇ ಸಲೀಸಾಗಿ ನಡೆಯುವುದರಿಂದ ಬದಲಿಸಿಲ್ಲ. ಅದಕ್ಕೆ ಇನ್ನೊಂದು ಲ್ಯಾನ್ ಕಾರ್ಡ್ ಹಾಕಿಸಿದೆವು. ಒಂದಕ್ಕೆ ಫೈಬರ್ ಡಬ್ಬಿಯ ಕೇಬಲ್, ಇನ್ನೊಂದರಿಂದ ನನ್ನ ಲ್ಯಾಪ್‌ಟಾಪಿಗೆ ಕೇಬಲ್. ಹಿಂದೆಲ್ಲ ಎರಡು ಕಂಪ್ಯೂಟರನ್ನು ನೇರವಾಗಿ ಜೋಡಿಸಲು ತಂತಿ ಅದಲುಬದಲು ಮಾಡಿದ ಕ್ರಾಸ್ ಕೇಬಲ್ ಬೇಕಿತ್ತು. ಈಗಿನ ಕಾರ್ಡುಗಳು ತಾವೇ ಹೊಂದಿಸಿಕೊಳ್ಳುತ್ತವೆ, ಸಾದಾ ಕೇಬಲ್ ಸಾಕು.

ಸೆಟ್ಟಿಂಗ್ ಸುಲಭ. ನೆಟ್‌ವರ್ಕ್ ಕನೆಕ್ಷನ್ಸ್ ತೆರೆದು, ಡಯಲ್ ಮಾಡುವ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸಿಗೆ ಹೋಗಬೇಕು. ಶೇರಿಂಗ್ ಅನ್ನುವ ಟ್ಯಾಬಿನಲ್ಲಿ ಮೊದಲ ಚೌಕಕ್ಕೆ ಟಿಕ್ ಹಾಕಿ, ಯಾವ ಕಾರ್ಡಿನ ಕಡೆ ಹಂಚಬೇಕೋ ಅದನ್ನು ಆರಿಸಬೇಕು. ಕೂಡಲೇ ಆ ಕಾರ್ಡಿಗೆ 192.168.137.1 ಅನ್ನುವ ವಿಳಾಸ ಬರುತ್ತದೆ. ನನ್ನ ಲ್ಯಾಪ್‌ಟಾಪಿಗೂ 192.168.137ರಿಂದ ಶುರುವಾಗುವ ವಿಳಾಸ ತಾನಾಗಿಯೇ ಸಿಕ್ಕಿತು. ನಿಮಗೇನಾದರೂ ಅದರ ಬದಲು 169.254ರಿಂದ ಶುರುವಾಗುವ ವಿಳಾಸ ಕಂಡರೆ, ವಿಳಾಸ ಕೊಡುವವರು ಯಾರೂ ಸಿಗಲಿಲ್ಲ ಅಂತ ಅರ್ಥ. ಕೇಬಲ್ಲನ್ನೋ ಆ ಟಿಕ್ಕನ್ನೋ ಇನ್ನೊಮ್ಮೆ ನೋಡಬೇಕು.

ನೆಟ್ ಬಂತು. ಆದರೆ ವಿಚಿತ್ರವಾಗಿ ಬಂತು. ಕೆಲವು ತಾಣಗಳು ಪಟಪಟನೆ ತೆರೆದವು. ಕೆಲವು ಅರ್ಧ ಬಂದು ನಿಂತವು, ಚಕ್ರ ತಿರುಗುತ್ತಲೇ ಇತ್ತು. ಅದೇ ತಾಣ ಅವರ ಕಂಪ್ಯೂಟರಿನಲ್ಲಿ ಸರಾಗವಾಗಿ ತೆರೆಯುತ್ತಿತ್ತು. ಇದರ ಕಾರಣ ಹುಡುಕುವುದರಲ್ಲಿ ನಾನು ಕಲಿತದ್ದು ಬಹಳ. ನೆಟ್ಟಿನಲ್ಲಿ ಮಾಹಿತಿ ತುಂಡು ತುಂಡಾಗಿ ಓಡಾಡುತ್ತದೆ. ಲ್ಯಾನಿನಲ್ಲಿ, ಅಂದರೆ ಮನೆಯೊಳಗಿನ ಜಾಲದಲ್ಲಿ, ಒಂದು ತುಂಡು ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್. ಪಿಪಿಪಿಒಇ ಅದರಲ್ಲಿ 8 ಬೈಟ್ ತನಗೆ ಅಂತ ಇಟ್ಟುಕೊಳ್ಳುತ್ತದೆ. ಉಳಿಯುವುದು 1492. ಡಯಲ್ ಮಾಡುವ ಕಂಪ್ಯೂಟರಿಗೆ ಇದು ಗೊತ್ತು, ಅದರ ಹಿಂದೆ ಕೂತ ಲ್ಯಾಪ್‌ಟಾಪಿಗೆ ಗೊತ್ತಿಲ್ಲ. ಅದು 1500 ಅಂತಲೇ ಹೇಳಿಕೊಳ್ಳುತ್ತದೆ. ಅಷ್ಟು ದೊಡ್ಡ ತುಂಡು ದಾರಿಯಲ್ಲಿ ಸಿಕ್ಕಿಕೊಂಡಾಗ "ಚಿಕ್ಕದು ಮಾಡಿ ಕಳಿಸು" ಅನ್ನುವ ಸೂಚನೆ ಕಳಿಸಿದವರಿಗೆ ಮುಟ್ಟಬೇಕು. ನಡುವೆ ಕಾವಲು ಕಾಯುವ ಯಾವುದಾದರೂ ಫೈರ್‌ವಾಲ್ ಆ ಸೂಚನೆಯನ್ನು ತಡೆದರೆ ಪುಟ ಅಲ್ಲಿಗೇ ನಿಂತಿತು.

ಇದನ್ನು ಪಿಂಗ್ ಹಾಕಿ, ಅಂದರೆ ಉತ್ತರ ಬರುತ್ತದೋ ಅಂತ ನೋಡಲು ಒಂದು ತುಂಡು ಕಳಿಸಿ, ಪರೀಕ್ಷೆ ಮಾಡಬಹುದು. ತುಂಡು ಒಡೆಯಬಾರದು ಅಂತ ಹೇಳಿ 1472 ಬೈಟಿನ ಪಿಂಗ್ ಕಳಿಸಿದೆ, ಹೋಗಲಿಲ್ಲ. 1464ಕ್ಕೆ ಇಳಿಸಿದೆ, ಹೋಯಿತು. ಅದರ ಮೇಲೆ ವಿಳಾಸ ಮುಂತಾದ ವಿವರವಿರುವ 28 ಬೈಟ್ ತಲೆಪಟ್ಟಿ ಕೂಡಿದರೆ ಸರಿಯಾಗಿ 1492. ಲೆಕ್ಕ ಬರೆಯುವವಳಿಗೆ ಅಂಕಿ ತಾಳೆಯಾದರೆ ಆಗುವ ಖುಷಿಯೇ ಬೇರೆ. ಲ್ಯಾಪ್‌ಟಾಪಿನ ಎಂಟಿಯು (ಒಂದು ತುಂಡಿನ ಗರಿಷ್ಠ ಗಾತ್ರ) 1492 ಅಂತ ಇಟ್ಟ ಮೇಲೆ ಅರ್ಧಕ್ಕೆ ನಿಲ್ಲುತ್ತಿದ್ದ ತಾಣಗಳೆಲ್ಲ ಪೂರ್ತಿ ತೆರೆದವು.

ಇಷ್ಟಾದರೂ ಈ ವ್ಯವಸ್ಥೆ ನನಗೆ ಒಗ್ಗಲಿಲ್ಲ. ಅವರ ಕಂಪ್ಯೂಟರ್ ಚಾಲೂ ಇದ್ದರಷ್ಟೇ ನನಗೆ ನೆಟ್. ಅವರು ಊಟಕ್ಕೆ ಎದ್ದಾಗ ಬಂದ್ ಮಾಡಿದರೆ ನನ್ನದೂ ಬಂದ್. ದೊಡ್ಡ ಫೈಲಿಗೆ ಅದು ಹ್ಯಾಂಗ್ ಆಗಿ, ಅವರು ರೀಸ್ಟಾರ್ಟ್ ಮಾಡಿದರೆ ನನ್ನ ಲಾಗಿನ್ ಹೋಯಿತು.

"ರೀ, ಕಂಪ್ಯೂಟರ್ ಬಂದ್ ಮಾಡಿದ್ರೇನು? ನಂಗ ನೆಟ್ ಬರವಲ್ದು."

"ಹ್ಯಾಂಗ್ ಆಗಿತ್ತು, ಏನ್ ಮಾಡ್ಲಿ? ಎರಡ ನಿಮಿಷ ತಡಿ, ಡಯಲ್ ಮಾಡ್ತೀನಿ."

ಅವರಿಗೂ ಇದು ಹಿಂಸೆಯೇ. ಕೆಲಸ ಮುಗಿದ ಮೇಲೂ ನನಗೋಸ್ಕರ ಯಂತ್ರ ಹಚ್ಚಿಟ್ಟು ಹೊರಗೆ ಹೋಗಬೇಕು. ಮನೆಯಲ್ಲಿ ಒಬ್ಬರ ದುಡಿಮೆ ಇನ್ನೊಬ್ಬರ ಯಂತ್ರದ ಬೆನ್ನ ಮೇಲೆ ಕೂತರೆ ಇಬ್ಬರಿಗೂ ನೆಮ್ಮದಿ ಇರುವುದಿಲ್ಲ. ಎರಡು ದಿನದ ಮಟ್ಟಿಗೆ, ನೆಂಟರು ಬಂದಾಗ, ಈ ವಿಧಾನ ಸಾಕು. ದಿನನಿತ್ಯದ ಹೊಟ್ಟೆಪಾಡಿಗೆ ಸಾಲದು. ನೆಟ್ ಹಂಚುವ ಕೆಲಸವನ್ನು ಯಾರ ಮೇಜಿಗೂ ಸೇರದ, ಸದಾ ಎಚ್ಚರವಿರುವ ಒಂದು ಸಣ್ಣ ಡಬ್ಬಿಗೆ, ಅಂದರೆ ರೌಟರಿಗೆ, ವಹಿಸಬೇಕು ಅನ್ನುವುದು ನನಗೆ ಖಚಿತವಾಯಿತು.

ಸ್ಟೇಷನ್ ರೋಡಿನ ಅಂಗಡಿಯಲ್ಲಿ ಐದು ಪೋರ್ಟಿನ ಒಂದು ಸ್ವಿಚ್ ತೋರಿಸಿದರು. ರೌಟರಿಗಿಂತ ಅಗ್ಗ. ನೋಡಲು ಎರಡೂ ಒಂದೇ ಥರ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸ್ವಿಚ್ ಕೇಬಲ್ಲುಗಳನ್ನು ಕೂಡಿಸುತ್ತದೆ, ಅಷ್ಟೇ. ಡಯಲ್ ಮಾಡುವುದಿಲ್ಲ, ವಿಳಾಸ ಕೊಡುವುದಿಲ್ಲ, ನ್ಯಾಟಿನ ಪಟ್ಟಿ ಇಟ್ಟುಕೊಳ್ಳುವುದಿಲ್ಲ. ನಮ್ಮಂಥ ಸಂಪರ್ಕಕ್ಕೆ ಅದನ್ನು ಹಾಕಿದರೆ ಇಬ್ಬರೂ ಅದೇ ಹೆಸರು, ಪಾಸ್‌ವರ್ಡಿನಿಂದ ಡಯಲ್ ಮಾಡಲು ಹೋಗಬೇಕು. ಒಂದು ಖಾತೆಗೆ ಒಂದೇ ಲಾಗಿನ್ ಇದ್ದಲ್ಲಿ ಮೊದಲು ಹೊಕ್ಕವರಿಗೆ ನೆಟ್, ಇನ್ನೊಬ್ಬರು ಹೊರಗೆ. ನಿಮ್ಮ ಫೈಬರ್ ಡಬ್ಬಿಯೇ ಡಯಲ್ ಮಾಡಿ ಒಳಗಿನ ವಿಳಾಸ ಹಂಚುವಂಥದ್ದಾಗಿದ್ದರೆ ಸ್ವಿಚ್ ಒಂದೇ ಸಾಕು. ನಮ್ಮದು ಹಾಗಿರಲಿಲ್ಲ. ವೈಫೈ ಇರುವ ಸಾದಾ ರೌಟರ್ ಒಂದನ್ನು ತಂದೆವು. ಸಾವಿರದಿಂದ ಒಂದೂವರೆ ಸಾವಿರದೊಳಗೆ ಮನೆಗೆ ಸಾಕಾಗುವಂಥವು ಸಿಗುತ್ತವೆ.

ರೌಟರಿನ ಹಿಂದೆ ಬೇರೆಯಾಗಿ ಕಾಣುವ, ವ್ಯಾನ್ (ಹೊರಗಿನ ಜಾಲ) ಅಂತ ಬರೆದ ಪೋರ್ಟಿಗೆ ಫೈಬರ್ ಡಬ್ಬಿಯ ಕೇಬಲ್. ಉಳಿದ ಲ್ಯಾನ್ ಪೋರ್ಟುಗಳಿಗೆ ಕಂಪ್ಯೂಟರುಗಳು. ಬ್ರೌಸರಿನಲ್ಲಿ ರೌಟರಿನ ವಿಳಾಸ ತೆರೆದು, ಪಿಪಿಪಿಒಇ ಆರಿಸಿ, ದಿನಾ ಡಯಲ್ ಮಾಡುತ್ತಿದ್ದ ಅದೇ ಹೆಸರು, ಪಾಸ್‌ವರ್ಡ್ ಕೊಟ್ಟೆ. ಆದರೂ ನೆಟ್ ಬರಲಿಲ್ಲ. ಕನೆಕ್ಟಿಂಗ್ ಅಂತ ತೋರಿಸುತ್ತಲೇ ಇತ್ತು. ಕೇಬಲ್ ತೆಗೆದು ಮತ್ತೆ ಕಂಪ್ಯೂಟರಿಗೇ ಚುಚ್ಚಿದರೆ ಸರಾಗ. ಪಾಸ್‌ವರ್ಡ್ ಸರಿ, ಕೇಬಲ್ ಸರಿ. ಹಾಗಾದರೆ ನೆಟ್ ಕಂಪನಿಯವರು ಆ ಕಡೆಯಿಂದ ಯಂತ್ರವನ್ನೇ ಗುರುತಿಟ್ಟಿದ್ದಾರೆ ಅಂತಾಯಿತು.

ಪ್ರತಿ ಲ್ಯಾನ್ ಕಾರ್ಡಿಗೂ ಕಾರ್ಖಾನೆಯಲ್ಲೇ ಕೊಟ್ಟ 12 ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸ ಇರುತ್ತದೆ. ಮೊದಲ ಸಲ ಕಂಡ ಮ್ಯಾಕ್ ವಿಳಾಸಕ್ಕೆ ಖಾತೆಯನ್ನು ಕಟ್ಟಿಹಾಕುವ ರೂಢಿ ಕೆಲವು ಕಡೆ ಇದೆ. ಅದಕ್ಕೆ ಎರಡು ದಾರಿ. ಕಂಪನಿಗೆ ಫೋನ್ ಮಾಡಿ ಬಿಡಿಸಿಕೊಳ್ಳಬಹುದು. ಇಲ್ಲವೇ ರೌಟರಿನಲ್ಲೇ ಮ್ಯಾಕ್ ಕ್ಲೋನ್ ಅನ್ನುವ ಪುಟ ಇರುತ್ತದೆ, ಅಲ್ಲಿ ಹಳೇ ಕಂಪ್ಯೂಟರಿನ ವಿಳಾಸವನ್ನು ರೌಟರಿಗೆ ಕೊಡಬಹುದು. ಯಜಮಾನರ ಕಂಪ್ಯೂಟರಿನಿಂದಲೇ ಆ ಪುಟ ತೆರೆದು ಗುಂಡಿ ಒತ್ತಿದೆ. ರೌಟರ್ ಒಮ್ಮೆ ಆರಿ ಹೊತ್ತಿಕೊಂಡಿತು. ಹಸಿರು ದೀಪ ಬಂತು. ಅವತ್ತಿನಿಂದ ಡಯಲ್ ಮಾಡುವ ಐಕಾನ್ ನಮ್ಮಿಬ್ಬರಿಗೂ ಬೇಕಾಗಿಲ್ಲ. ಎಂಟಿಯು ತಾಪತ್ರಯವೂ ಹೋಯಿತು. ರೌಟರ್ ಅದನ್ನು ತಾನೇ ಸರಿದೂಗಿಸುತ್ತದೆ.

ಇನ್ನು ಒಳಕೋಣೆಗೆ ತಲುಪಿಸುವುದು. ವೈಫೈ ಇದೆಯಲ್ಲ ಅಂತ ಎಲ್ಲರೂ ಅನ್ನುತ್ತಾರೆ. ಪಡಸಾಲೆಯಲ್ಲಿ ಅದು ಚೆನ್ನಾಗಿಯೇ ಬರುತ್ತದೆ. ಎರಡು ಅಡಿ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಈ ರೌಟರಿನ ವೈಫೈ ಎರಡು ಬಗೆಯ ಅಲೆಗಳಲ್ಲಿ ಬರುತ್ತದೆ. 5 ಗಿಗಾಹರ್ಟ್ಸಿನದಕ್ಕೆ ವೇಗ ಜಾಸ್ತಿ, ಆದರೆ ಗೋಡೆಯ ಮುಂದೆ ಅದರ ಆಟ ನಡೆಯಲಿಲ್ಲ. 2.4 ಗಿಗಾಹರ್ಟ್ಸ್ ಒಂದಿಷ್ಟು ಒಳಗೆ ಬಂತು. ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಅದರಲ್ಲೇ ಇರುವುದರಿಂದ ಗದ್ದಲ ಜಾಸ್ತಿ. ಅದರೊಳಗಿನ ದಾರಿಗಳಿಗೆ ಚಾನೆಲ್ ಅನ್ನುತ್ತಾರೆ, ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11. ನಮ್ಮಲ್ಲಿ 11 ಖಾಲಿ ಇತ್ತು, ಅದಕ್ಕೆ ಬದಲಿಸಿದೆ. ಫೋನುಗಳಿಗೆ ಸಾಕಾಯಿತು. ಜಿಎಸ್‌ಟಿ ಕೆಲಸಕ್ಕೆ ನನಗೆ ಕೇಬಲ್ಲೇ ಬೇಕಿತ್ತು.

ಅಣ್ಣನ ಮಗ ಸಿಸಿಟಿವಿ ಹಾಕುವ ಕೆಲಸ ಮಾಡುತ್ತಾನೆ. "ಅತ್ತಿ, ಗ್ವಾಡಿ ಕೊರಿಯೋದು ಬ್ಯಾಡ, ಬೆಳಕಿಂಡಿಯಾಗಿಂದ ತರೂಣು" ಅಂದ. ಅದೇ ಸರಿ. ಹಳೇ ಮಣ್ಣಿನ ಗೋಡೆಗೆ ಡ್ರಿಲ್ ಹಾಕಿದರೆ ತೂತು ಒಂದು ಕಡೆ, ಉದುರುವುದು ಇನ್ನೊಂದು ಕಡೆ. ಪಡಸಾಲೆಯಿಂದ ಮಾಳಿಗೆಗೆ ಹೋಗಿ, ಒಳಕೋಣೆಯ ಬೆಳಕಿಂಡಿಯಲ್ಲಿ ಇಳಿಯುವ ಹಾಗೆ ಅಳತೆ ಮಾಡಿದೆವು. ಒಂದು ಲ್ಯಾನ್ ಕೇಬಲ್ 100 ಮೀಟರಿನವರೆಗೂ ಎಳೆಯಬಹುದು, ನಮಗೆ ಅದರ ಕಾಲು ಭಾಗವೂ ಬೇಕಿರಲಿಲ್ಲ. ಮೇಲೆ ಬಿಸಿಲು ಮಳೆ ತಾಗುವ ಕಡೆ ಪಿವಿಸಿ ಪೈಪಿನೊಳಗೆ ಹಾಕಿದೆವು. ಬೆಳಕಿಂಡಿಯ ಬಾಯಿಯಲ್ಲಿ ಕೇಬಲ್ಲನ್ನು ಸ್ವಲ್ಪ ಕೆಳಗೆ ಜೋಲುಬಿಟ್ಟು ಆಮೇಲೆ ಮೇಲಕ್ಕೆ ತಿರುಗಿಸಿದ. ಮಳೆನೀರು ಕೇಬಲ್ಲಿನ ಗುಂಟ ಒಳಗೆ ಬರದೆ ಆ ಜೋಲಿಯಲ್ಲೇ ತೊಟ್ಟಿಕ್ಕಲಿ ಅಂತ.

ತುದಿಗೆ ಕನೆಕ್ಟರ್ ಹಾಕುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಮೇಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ತಂತಿ, ಎರಡೆರಡು ಹೊಸೆದು ನಾಲ್ಕು ಜೋಡಿ. ಹೊಸೆದಿರುವುದು ಸುಮ್ನೆ ಅಲ್ಲ. ಹೊರಗಿನ ವಿದ್ಯುತ್ ಗದ್ದಲ ಎರಡೂ ತಂತಿಗೆ ಸಮನಾಗಿ ತಾಗಿ, ಕೊನೆಯಲ್ಲಿ ಒಂದಕ್ಕೊಂದು ಕಳೆದುಹೋಗುತ್ತದೆ. ಅದಕ್ಕೇ ತುದಿಯಲ್ಲಿ ಬೇಕಾದಷ್ಟೇ ಬಿಚ್ಚಬೇಕು. ಎಡದಿಂದ ಬಣ್ಣದ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿ ಜೋಡಿಯನ್ನು ನಡುವೆ ಹಿಡಿದುಕೊಳ್ಳುತ್ತದೆ, ಅಷ್ಟು ನೆನಪಿಟ್ಟರೆ ಸಾಕು. ಎಂಟನ್ನೂ ಬೆರಳಿನಲ್ಲಿ ತೀಡಿ ನೇರ ಮಾಡಿ, ಒಂದೇ ಸಮಕ್ಕೆ ಕತ್ತರಿಸಿ, ಕನೆಕ್ಟರಿನೊಳಗೆ ದೂಡಿ, ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿದ. ಟೆಸ್ಟರ್ ಹಚ್ಚಿದರೆ ದೀಪಗಳು 1ರಿಂದ ಸಾಲಾಗಿ ಹೊತ್ತುತ್ತ ಬಂದವು. 7ನೆಯದು ಹೊತ್ತಲಿಲ್ಲ. ಬಿಳಿ-ಕಂದು ತಂತಿ ಕನೆಕ್ಟರಿನ ಲೋಹದ ಹಲ್ಲಿಗೆ ಮುಟ್ಟಿರಲಿಲ್ಲ. ಅವನು ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ.

ಹಾಗೇ ಬಿಟ್ಟಿದ್ದರೂ ಬಹುಶಃ ನೆಟ್ ಬರುತ್ತಿತ್ತು. 100 ಎಂಬಿಪಿಎಸ್ ಲ್ಯಾನಿಗೆ 1, 2, 3, 6ನೇ ತಂತಿಗಳಷ್ಟೇ ಸಾಕು. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ನೆಟ್ ಬರುತ್ತದೆ ಆದರೆ 100ರ ಮೇಲೆ ಏರುವುದಿಲ್ಲ ಅನ್ನುವ ಮನೆಗಳಲ್ಲಿ ಇಂಥ ಒಂದು ತಂತಿ ಬಿಟ್ಟುಹೋಗಿರುವ ಸಾಧ್ಯತೆ ಇರುತ್ತದೆ. ಒಂದು ಸಲ ಸರಿಯಾಗಿ ಎಳೆದ ಕೇಬಲ್ ವರ್ಷಗಟ್ಟಲೆ ಬಾಳುತ್ತದೆ. ಅದಕ್ಕೆ ಟೆಸ್ಟರಿನ ಎಂಟೂ ದೀಪ ಹೊತ್ತುವವರೆಗೆ ಬಿಡಬಾರದು ಅನ್ನುವುದು ನನ್ನ ಹಟ.

ಅವತ್ತೇ ರೌಟರಿನ ಒಳಪುಟದ ಮೂಲ ಪಾಸ್‌ವರ್ಡ್ ಬದಲಿಸಿದೆ. ವೈಫೈಗೆ ಡಬ್ಲ್ಯುಪಿಎ2 ಅನ್ನುವ ಭದ್ರತೆ ಇಟ್ಟು ಉದ್ದನೆಯ ಪಾಸ್‌ವರ್ಡ್ ಕೊಟ್ಟೆ. ಬೇರೆಯವರ ವ್ಯಾಪಾರದ ಲೆಕ್ಕ ನನ್ನ ಲ್ಯಾಪ್‌ಟಾಪಿನಲ್ಲಿದೆ, ಇದರಲ್ಲಿ ಸಡಿಲ ಬಿಡಲು ಬರುವುದಿಲ್ಲ. ಯಜಮಾನರ ವಿಂಡೋಸ್ 7ಕ್ಕೆ 2020ರ ಜನವರಿ 14ರಿಂದ ಮೈಕ್ರೋಸಾಫ್ಟಿನ ಬೆಂಬಲ ನಿಂತಿದೆ. ಮೊದಲು ಅದೇ ಡಯಲ್ ಮಾಡುತ್ತಿದ್ದಾಗ ಹೊರಗಿನ ಜಾಲಕ್ಕೆ ಅದೇ ಎದುರು ನಿಂತಿರುತ್ತಿತ್ತು. ಈಗ ಮುಂದೆ ರೌಟರ್ ಇದೆ, ಒಳಗಿನವರು ಕೇಳದೆ ಹೊರಗಿನಿಂದ ಬಂದದ್ದು ಅಲ್ಲಿಗೇ ನಿಲ್ಲುತ್ತದೆ. ಪೂರ್ತಿ ರಕ್ಷಣೆ ಅಲ್ಲ, ಮೇಲ್‌ನಲ್ಲಿ ಬರುವ ಕೆಟ್ಟ ಫೈಲಿಗೆ ಇದು ಅಡ್ಡಿಯಾಗದು. ಆದರೂ ಮೊದಲಿಗಿಂತ ಎಷ್ಟೋ ವಾಸಿ.

ಲಗ್ನದ ಸೀಜನ್ ಬಂದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಅವರು ದೊಡ್ಡ ಫೈಲು ಪ್ರೆಸ್ಸಿಗೆ ಕಳಿಸಲು ಶುರು ಮಾಡಿದರೆ ನನ್ನ ಪುಟಗಳು ತೆವಳುತ್ತಿದ್ದವು. ನಾನು ಇಳಿಸಿಕೊಳ್ಳುವವಳು, ಅವರು ಏರಿಸುವವರು, ಆದರೂ ಯಾಕೆ? ನಾನು ಇಳಿಸಿಕೊಳ್ಳುವ ಮಾಹಿತಿಗೂ "ಮುಟ್ಟಿತು, ಮುಂದಿನದು ಕಳಿಸು" ಅಂತ ಸಣ್ಣ ಉತ್ತರಗಳು ಮೇಲಕ್ಕೆ ಹೋಗಬೇಕು. ಮೇಲಿನ ದಾರಿ ಅವರ ಫೈಲಿನಿಂದ ತುಂಬಿದ್ದರೆ ಆ ಉತ್ತರಗಳು ಸರದಿಯಲ್ಲಿ ಕಾಯುತ್ತವೆ. ರೌಟರಿನ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಪುಟದಲ್ಲಿ ಇಬ್ಬರ ಅಪ್‌ಲೋಡಿಗೂ ಒಂದೇ ಮಿತಿ ಹಾಕಿದೆ, ಒಬ್ಬರೇ ಪೂರ್ತಿ ತುಂಬದಂತೆ. ಮಿತಿ ಸರಿಯಾದ ಯಂತ್ರಕ್ಕೇ ಅಂಟಲಿ ಅಂತ ಎರಡು ಕಂಪ್ಯೂಟರಿಗೂ ಒಳಗಿನ ವಿಳಾಸ ಕಾಯಂ ಮಾಡಿದೆ. ಫೈಲು ಹೋಗಲು ಚೂರು ತಡವಾಗುತ್ತದೆ. ನನ್ನ ಪುಟ ನಿಲ್ಲುವುದಿಲ್ಲ.

ಲಗ್ನಪತ್ರಿಕೆಯ ಪ್ರೂಫ್ ನೋಡುವುದು ಮೊದಲಿನಿಂದಲೂ ನನ್ನ ಕೆಲಸ. ಮೊದಲು ಪೆನ್‌ಡ್ರೈವ್ ಹಿಡಿದುಕೊಂಡು ಓಡಾಡುತ್ತಿದ್ದೆವು. ಈಗ ಅವರ ಕಂಪ್ಯೂಟರಿನ ಒಂದು ಫೋಲ್ಡರನ್ನು ನನ್ನ ಲ್ಯಾಪ್‌ಟಾಪಿನಿಂದಲೇ ತೆರೆಯುತ್ತೇನೆ. ಇದು ಮನೆಯೊಳಗೇ ನಡೆಯುವ ಓಡಾಟ. ಹೊರಗಿನ ನೆಟ್ ಬಂದಾದರೂ ಈ ಫೋಲ್ಡರ್ ತೆರೆಯುತ್ತದೆ.

ಫೈಬರ್ ಡಬ್ಬಿ, ರೌಟರ್ ಎರಡಕ್ಕೂ ನಮ್ಮಲ್ಲಿ 12 ವೋಲ್ಟಿನ ಅಡಾಪ್ಟರ್. ಕರೆಂಟ್ ಹೋದಾಗ ಎರಡೂ ನಡೆಯಲಿ ಅಂತ ಇನ್ವರ್ಟರಿನ ಪ್ಲಗ್ಗಿಗೆ ಹಾಕಿದ್ದೇವೆ. ಒಂದನ್ನೇ ಹಾಕಿದರೆ ಪ್ರಯೋಜನವಿಲ್ಲ. ಕೇಬಲ್ಲಿನ ಎರಡೂ ತುದಿಗೆ ಚೀಟಿ ಅಂಟಿಸಿದ್ದೇನೆ. ಹೆಸರು, ಪಾಸ್‌ವರ್ಡ್, ಕ್ಲೋನ್ ಮಾಡಿದ ಮ್ಯಾಕ್ ವಿಳಾಸ ಎಲ್ಲ ಲೆಕ್ಕದ ಡೈರಿಯ ಕೊನೇ ಪುಟದಲ್ಲಿವೆ. ಯಾವತ್ತಾದರೂ ರೌಟರ್ ರೀಸೆಟ್ ಆದರೆ ಯಜಮಾನರೂ ನೋಡಿಕೊಂಡು ಮತ್ತೆ ಹೊಂದಿಸಬಹುದು. ರೌಟರಿನಲ್ಲಿ ಇನ್ನೂ ಎರಡು ಪೋರ್ಟ್ ಖಾಲಿ ಇವೆ. ಲ್ಯಾನ್ ಪೋರ್ಟ್ ಇರುವ ಪ್ರಿಂಟರ್ ತಂದು ಒಂದಕ್ಕೆ ಹಾಕಬೇಕು, ಆಗ ಚಲನ್ ಪ್ರಿಂಟಿಗೆ ನಾನು ಪಡಸಾಲೆಯ ಕಂಪ್ಯೂಟರ್ ಹಚ್ಚಿಸುವುದೂ ತಪ್ಪುತ್ತದೆ.